ಬಿಟ್ಟು ಹೋಗುವವರ ಬೆಳೆ

ಆಸ್ಟ್ರೇಲಿಯದ ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ಉತ್ತರದ ಅಂಚಿನಲ್ಲಿ, ಹೊಸ ಮನೆಗಳ ಸಾಲು ಮುಗಿದು ಕಪ್ಪುಕಲ್ಲಿನ ಹಳೆಯ ಗೋಡೆಗಳು ಮೊದಲಾಗುವ ಕಡೆ, ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ಒಂದು ತುಂಡು ಹೊಲವನ್ನು ಗೇಣಿಗೆ ಹಿಡಿದಿದ್ದೆವು. ಪ್ರಸ್ತಾಪ ನನ್ನದು. ವಾರಪೂರ್ತಿ ಕಂಪ್ಯೂಟರಿನ ಮುಂದೆ ಕುಳಿತು, ವಾರಾಂತ್ಯದಲ್ಲಿ ಮಾರ್ಟ್‌ಗೇಜಿನ ಬಡ್ಡಿಯ ಮಾತಾಡುವುದಷ್ಟೇ ನಮ್ಮ ಸಮುದಾಯಜೀವನವಾಗಬಾರದು. ಎಲ್ಲರೂ ಸಮನಾಗಿ ದುಡಿದು ಸಮನಾಗಿ ಹಂಚಿಕೊಳ್ಳುವ ನೆಲವೊಂದು ನಮಗಿರಬೇಕು ಎಂದು ನಾನು ಒಂದು ಹುಟ್ಟುಹಬ್ಬದ ಊಟದ ನಡುವೆ ಎದ್ದುನಿಂತು ವಾದಿಸಿದ್ದೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ತಯಾರಾದ ನಾಲಗೆ ಅದು. ಬೆಳಗಾವಿಯ ಗೆಳೆಯರೊಬ್ಬರು ಅಂದಿನಿಂದ ನನ್ನನ್ನು "ಸಾಹೇಬ್ರ" ಎಂದೇ ಕರೆಯತೊಡಗಿದರು. ಆದರೆ ಮೊದಲ ದಿನ ಗುದ್ದಲಿ ಹಿಡಿದು ಬಂದವರೂ ಅವರೇ.

ಹೊಲದ ಒಡತಿ ಎಂಬತ್ತು ದಾಟಿದ, ಒಂಟಿಯಾಗಿ ಬದುಕುತ್ತಿದ್ದ ಮಹಿಳೆ. ಅವರ ಪೂರ್ವಜರು ಸ್ಕಾಟ್ಲೆಂಡಿನಿಂದ ಬಂದವರು. ನಾವು ನೆಲ ಹದಮಾಡುವಾಗ ಅವರು ಗೋಡೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿರುತ್ತಿದ್ದರು. ಆ ಹೊಲದ ಚರಿತ್ರೆಯೆಲ್ಲ ನನಗೆ ತಿಳಿದದ್ದು ಆ ಗೋಡೆಯ ಮೇಲಿನಿಂದ.

ಸ್ಕಾಟ್ಲೆಂಡಿನಲ್ಲಿ ಅವರ ಮನೆತನಕ್ಕೆ ಸ್ವಂತದ ನೆಲವೆಂಬುದು ಎಂದೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳ ಗೇಣಿ. ಅದು ಮುಗಿದರೆ ಮತ್ತೆ ಜಮೀನ್ದಾರನ ಮುಂದೆ ಟೋಪಿ ಕಳಚಿ ನಿಲ್ಲಬೇಕು. ಅಲ್ಲಿ ಗೇಣಿ ಮುಗಿಯುತ್ತಿದ್ದುದು ಬೇಸಿಗೆಯ ಮೊದಲಲ್ಲಿ, ಕೊಯ್ಲು ಬರುತ್ತಿದ್ದುದು ಬೇಸಿಗೆಯ ಕೊನೆಯಲ್ಲಿ. ಹಾಗಾಗಿ ಒಂದು ಪದ್ಧತಿ ಬೆಳೆದಿತ್ತು: ಹೊಲ ಬಿಟ್ಟುಹೋದ ಗೇಣಿದಾರ ತಾನು ಬಿತ್ತಿದ ಕೊನೆಯ ಬೆಳೆಯನ್ನು ಕೊಯ್ದುಕೊಳ್ಳಲು ಮರಳಿ ಬರಬಹುದು. ಹೊಸಬನು ಅವನಿಗೆ ಗೇಟು ತೆಗೆಯಬೇಕು. ತಲೆಮಾರುಗಳ ಕಾಲ ಹೀಗೆ ನಡೆದಮೇಲೆ ಒಬ್ಬ ಜಮೀನ್ದಾರ ಹೊಲಗಳನ್ನೆಲ್ಲ ಒಟ್ಟುಗೂಡಿಸಿ ಒಬ್ಬನೇ ದೊಡ್ಡ ಗೇಣಿದಾರನಿಗೆ ಕೊಟ್ಟ. ಇವರ ಓಟ್ಸ್ ಹೊಲದಲ್ಲೇ ನಿಂತಿತ್ತು. ಕೊಯ್ಯಲು ಹೋದಾಗ ಗೇಟು ತೆರೆಯಲಿಲ್ಲ. ಅದೇ ವರ್ಷ ಅವರು ಹಡಗು ಹತ್ತಿದರು.

"ಇಲ್ಲಿಗೆ ಬಂದು ಒಡೆಯರಾದ ಮೇಲೆ ನಮ್ಮವರು ಒಂದು ಮಾತು ಕೊಟ್ಟುಕೊಂಡರು," ಎಂದಿದ್ದರು ಆಕೆ. "ನಮ್ಮ ನೆಲದಿಂದ ಯಾರೂ ಕೊನೆಯ ಬೆಳೆ ಬಿಟ್ಟು ಹೋಗಬಾರದು."

ಮಾತು ಬರಿಯ ಮಾತಾಗಿರಲಿಲ್ಲ. ಆ ತುಂಡಿನಲ್ಲಿ ನಮಗಿಂತ ಮೊದಲು ಇಟಲಿಯವರೊಬ್ಬರು ಟೊಮೇಟೊ ಬೆಳೆಯುತ್ತಿದ್ದರಂತೆ. ಯಜಮಾನ ಸತ್ತು ಕುಟುಂಬ ಊರೊಳಕ್ಕೆ ಹೋದ ಮೇಲೂ ಅವನ ಹೆಂಡತಿ ಕಪ್ಪು ಬಟ್ಟೆಯಲ್ಲೇ ಬಂದು ಹಣ್ಣು ಬಿಡಿಸಿಕೊಂಡು ಹೋದಳು. ಆಮೇಲೆ ವಿಯೆಟ್ನಾಮಿನ ದಂಪತಿ ಸೊಪ್ಪು ಬೆಳೆದರು. ಅವರು ಹೊರಟಾಗ ಒಡತಿಯೇ ಗೇಟು ಹಿಡಿದು ನಿಂತು, ವ್ಯಾನು ತುಂಬುವವರೆಗೆ ಕಾದರು. ಪ್ರತಿಯೊಬ್ಬ ಗೇಣಿದಾರನ ಕಥೆಯೂ ಅವರ ಬಾಯಲ್ಲಿ ತೆರೆದ ಗೇಟಿನಲ್ಲೇ ಮುಗಿಯುತ್ತಿತ್ತು.

ಈ ಪದ್ಧತಿ ನನ್ನನ್ನು ಅಷ್ಟು ಆಳವಾಗಿ ತಟ್ಟಲು ಕಾರಣ ನನ್ನದೇ ಮನೆಯಲ್ಲಿತ್ತು. ಉಳುವವನೇ ಒಡೆಯನಾಗುವ ಕಾನೂನು ಬರಲಿದೆಯೆಂಬ ಸುದ್ದಿ ಕೇಳಿದೊಡನೆ ನಮ್ಮ ತಾತ ತಮ್ಮ ಗೇಣಿದಾರನನ್ನು, ರಾಗಿ ತೆನೆಗಟ್ಟಿ ನಿಂತಿರುವಾಗಲೇ, ಹೊಲದಿಂದ ಬಿಡಿಸಿದ್ದರು. ಅಜ್ಜಿ ಅದನ್ನು ಜಾಣತನವೆಂಬಂತೆ ಹೇಳುತ್ತಿದ್ದರು. ಭೂಮಿಯ ನ್ಯಾಯದ ಬಗ್ಗೆ ನಾನು ಮಾಡಿದ ಭಾಷಣಗಳಿಗೆಲ್ಲ ಆ ರಾಗಿಯೇ ಬೀಜ. ಹೀಗಿರುವಾಗ, ಭೂಗೋಳದ ಈ ತುದಿಯಲ್ಲಿ, ಕಾನೂನಿನ ಬೆತ್ತವಿಲ್ಲದೆಯೇ ನ್ಯಾಯವನ್ನು ಪಾಲಿಸಿದ ಒಂದು ಮನೆತನ ನನಗೆ ಸಿಕ್ಕಿತೆಂದು ನಾನು ನಂಬಿದೆ.

ಮೂರನೆಯ ವರ್ಷ ಹೊಲ ಮಾರಾಟವಾಯಿತು. ಆಕೆಗೆ ನಡೆಯಲಾಗುತ್ತಿರಲಿಲ್ಲ, ಗ್ಲೆನ್ ವೇವರ್ಲಿಯ ವೃದ್ಧಾಶ್ರಮವೊಂದರಲ್ಲಿ ಕೋಣೆ ಸಿಕ್ಕಿತ್ತು. ಕೊಂಡದ್ದು ಮನೆ ಕಟ್ಟುವ ಒಂದು ಕಂಪನಿ. ಹಸ್ತಾಂತರ ಮಾರ್ಚಿನ ಕೊನೆಗೆ. ನಮ್ಮ ಅವರೆ ಆಗಷ್ಟೇ ಹೂ ಕಚ್ಚಿತ್ತು. ಊರಿನಿಂದ ಬೀಜ ತರುವಂತಿಲ್ಲವಾದ್ದರಿಂದ ಇಲ್ಲೇ ಅಲ್ಲಲ್ಲಿ ಹಿತ್ತಲುಗಳಲ್ಲಿ ಉಳಿದಿದ್ದ ಅವರೆಯನ್ನು ಬೇಡಿ ತಂದು ಬಿತ್ತಿದ್ದೆವು. ಹಿಂದಿನ ಎರಡು ವರ್ಷವೂ ಇಬ್ಬನಿ ಹೆಪ್ಪುಗಟ್ಟಿ ಬಳ್ಳಿ ಕರಕಲಾಗಿತ್ತು. ಈ ಸಲ ಮೊದಲ ಬಾರಿಗೆ ಸೊಗಡು ಗೋಡೆಯಾಚೆಗೂ ಬರುತ್ತಿತ್ತು.

"ಹೆದರಬೇಡಿ," ಎಂದರು ಆಕೆ, ಕಾರು ಹತ್ತುವ ಮುಂಚೆ. "ಅವರಿಗೆ ಹೇಳಿದ್ದೇನೆ. ಕಾಯಿ ಬಲಿತ ಮೇಲೆ ನೀವು ಬಂದು ಕೊಯ್ಯುತ್ತೀರಿ. ಹೂಂ ಅಂದಿದ್ದಾರೆ."

ಏಪ್ರಿಲ್‌ನಲ್ಲಿ ಹೋದಾಗ ಕಬ್ಬಿಣದ ಜಾಲರಿಯ ಬೇಲಿ ಎದ್ದಿತ್ತು, ಗೇಟಿಗೆ ಸರಪಳಿ. ಕಾವಲಿನವನು ನಮ್ಮ ಮಾತನ್ನು ಕೇಳಿ, ತನಗೇನೂ ತಿಳಿದಿಲ್ಲವೆಂದ. ಕರಾರುಪತ್ರದಲ್ಲಿ ಈ ವಿಷಯ ಒಂದಕ್ಷರವೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಆಕೆ ಹೇಳಿದ್ದು ನಿಜ, ಅವರು ಹೂಂ ಅಂದದ್ದೂ ನಿಜ. ಆದರೆ ಹೂಂ ಅಂದವನು ಕೆಲಸ ಬಿಟ್ಟು ಹೋಗಿದ್ದ.

ಬೆಳಗಾವಿಯ ಗೆಳೆಯರು ಜಾಲರಿಯನ್ನು ಅಲುಗಿಸಿ ನೋಡಿದರು.

"ಏನ್ ಭಾಳ ಎತ್ತರ ಇಲ್ಲ ಬಿಡ್ರಿ. ರವಿವಾರ ಮುಂಜಾನೆ ನಾಕ್ ಮಂದಿ ಬರೂಣು, ಹಾರೂಣು, ಹರಕೊಂಡ್ ಹೋಗೂಣು."

"ಅದು ಕಳ್ಳತನ ಆಗುತ್ತೆ," ಎಂದೆ.

"ನಾವ್ ಬಿತ್ತಿದ್ದು ನಾವ್ ಹರಕೊಂಡ್ರ ಎಂಥಾ ಕಳ್ಳತನ್ರೀ ಸಾಹೇಬ್ರ?"

"ಅದಕ್ಕೇ ಹೇಳ್ತಿರೋದು. ನಮ್ಮದನ್ನ ನಾವು ಗೇಟಿನಿಂದ್ಲೇ ತಗೋಬೇಕು. ಹಾರಿದ್ರೆ ನಮಗೆ ಹಕ್ಕಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ."

"ಹಕ್ಕು ಹಿಡಕೊಂಡ್ ಕುಂತ್ರ ಕಾಯಿ ಒಣಗತಾವ. ನಿಮ್ಮ ಭಾಷಣ ಕೇಳಿ ತಾವ ಬೇಲಿ ಹಾರಿ ಬರತಾವೇನು?"

ಎಲ್ಲರೂ ನಕ್ಕರು. ಆದರೆ ಇಲ್ಲೇ ಕಾಯಂ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿ ಕುಳಿತಿದ್ದ ಕುಟುಂಬಗಳಿಗೆ ಪೊಲೀಸಿನ ಹೆಸರೇ ಸಾಕಾಗಿತ್ತು. ತೀರ್ಮಾನ ನನ್ನ ಕಡೆಗಾಯಿತು. ಇಂದು ಮತ್ತೆ ಕೇಳಿದರೂ ನಾನು ಅದೇ ವಾದ ಹೂಡುತ್ತೇನೆ.

ಕಂಪನಿಯ ಮುಖ್ಯ ಕಚೇರಿ ಸಿಡ್ನಿಯಲ್ಲಿ. ಮೇ ತಿಂಗಳಲ್ಲಿ ನನ್ನ ಹೆಂಡತಿಯ ತಮ್ಮನ ಗೃಹಪ್ರವೇಶ ಅಲ್ಲೇ ಮಾರ್ಸ್ಡನ್ ಪಾರ್ಕಿನಲ್ಲಿತ್ತು. ಹಿಂದಿನ ದಿನವೇ ಹೊರಟು, ಆ ಕಚೇರಿಯಲ್ಲಿ ಒಬ್ಬ ಅಧಿಕಾರಿಯ ಭೇಟಿ ಪಡೆದೆ. ಪದ್ಧತಿಯ ಇತಿಹಾಸ, ಒಡತಿಗೆ ಕೊಟ್ಟ ಮಾತು, ಬೆಳೆದವರ ಹಕ್ಕು ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ನನ್ನ ಜೀವನದಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಎಂದೂ ಮಾತಾಡಿಲ್ಲ. ಆತ ಒಂದು ಮಾತನ್ನೂ ಅಲ್ಲಗಳೆಯಲಿಲ್ಲ.

"ನೀವು ಹೇಳೋದು ನೂರಕ್ಕೆ ನೂರು ಸರಿ," ಎಂದ. "ನನ್ನ ತಾತನೂ ರೈತನೇ. ಸೋಮವಾರ ಸೈಟಿನವರಿಗೆ ಬರೀತೀನಿ. ಒಂದು ಬೆಳಗ್ಗೆ ಗೇಟು ತೆಗೆಸೋಣ."

ಎದುರಾಳಿಯೇ ಇಲ್ಲದ ವಾದವನ್ನು ಗೆಲ್ಲುವುದು ಹೇಗೆಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ನಾನು ಗೆದ್ದೆನೆಂದೇ ತಿಳಿದೆ. ಆಶ್ರಮಕ್ಕೆ ಫೋನ್ ಮಾಡಿ ಆಕೆಗೂ ಹೇಳಿದೆ. "ನನ್ನನ್ನೂ ಕರೆದುಕೊಂಡು ಹೋಗು," ಎಂದರು. "ಗೇಟು ಹಿಡಿಯುವವರು ನಮ್ಮ ಮನೆಯವರೇ ಆಗಬೇಕು. ಈಗ ಉಳಿದಿರುವುದು ನಾನೊಬ್ಬಳೇ."

ಮರುದಿನ ಬೆಳಗ್ಗೆ ಮಾರ್ಸ್ಡನ್ ಪಾರ್ಕಿನ ಹೊಸ ಮನೆಯಲ್ಲಿ ಹಾಲು ಉಕ್ಕಿತು. ಹೋಮದ ಹೊಗೆಗೆ ಸ್ಮೋಕ್ ಅಲಾರಂ ಕೂಗಿ, ಪುರೋಹಿತರು ಮಂತ್ರ ನಿಲ್ಲಿಸದೆಯೇ ಕಿಟಕಿ ತೆರೆಯುವಂತೆ ಕೈಸನ್ನೆ ಮಾಡಿದರು. ತೆರೆದ ಕಿಟಕಿಯ ಹೊರಗೆ ಇನ್ನೂ ಹುಲ್ಲು ಹುಟ್ಟದ ಕೆಂಪು ಮಣ್ಣು, ಅದರಾಚೆ ಅಂಥದೇ ಮನೆ. ಮೊದಲು ಹಸು ಸಾಕಿ ಹಾಲು ಮಾರುತ್ತಿದ್ದ ಫಾರ್ಮ್ ಇದು ಎಂದು ಭಾವಮೈದ ಅತಿಥಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದ. ಆ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು.

"ಸಾಹೇಬ್ರ," ಎಂದರು ಬೆಳಗಾವಿಯ ಗೆಳೆಯರು. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ನಾನು ಬೇಲಿ ಕಡೆ ನಿಂತೇನ್ರಿ. ಜೆಸಿಬಿ ಒಳಗ ಬಂದಾವ."

"ಸೋಮವಾರದವರೆಗೆ ನಿಲ್ಲಿಸೋಕೆ ಹೇಳಿ. ಆ ಅಧಿಕಾರಿ ಒಪ್ಪಿಕೊಂಡಿದ್ದಾರೆ."

"ಹೇಳಿದೆ. ಡ್ರೈವರ್ ಶನಿವಾರದ ಓವರ್‌ಟೈಮಿಗೆ ಬಂದವ. ಅವಗೇನ್ ಗೊತ್ತು ಪಾಪ. ಮ್ಯಾಲಿನ ಮಣ್ಣು ಕೆರದು ಗುಡ್ಡಿ ಹಾಕಾಕತ್ತಾನ. ಬಳ್ಳಿ ಎಲ್ಲಾ ಅದರಾಗ. ವಾಸನಿ ಭಾಳ ಬರಾಕತ್ತೈತ್ರೀ. ನೀವ್ ಊಟಾ ಮಾಡಿ ಬರ್ರಿ," ಎಂದು ಫೋನ್ ಇಟ್ಟರು.

ಹೆಂಡತಿ ಹತ್ತಿರ ಬಂದು, "ಏನಾಯ್ತ್ರೀ? ಮುಖ ಯಾಕೆ ಹೀಗಿದೆ? ಜನ ನೋಡ್ತಿದ್ದಾರೆ," ಎಂದಳು. ಹೇಳಿದೆ. ಅವಳು ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಕೆಳಗಿಟ್ಟಳು. "ಆ ಅಜ್ಜಿಗೆ ಏನ್ ಹೇಳ್ತೀರಿ?" ಎಂದಷ್ಟೇ ಕೇಳಿದಳು.

ಮೆಲ್ಬರ್ನಿಗೆ ಮರಳಿದ ಮರುದಿನ ಗ್ಲೆನ್ ವೇವರ್ಲಿಗೆ ಹೋದೆ. ನಿಜವನ್ನು ಮುಚ್ಚಿಡುವ ಯೋಚನೆ ಟ್ರೈನಿನಲ್ಲಿ ಒಮ್ಮೆ ಬಂದು ಹೋಯಿತು. ಆಕೆ ಕಿಟಕಿಯ ಬಳಿ, ಮಂಡಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಹೊರಗೆ ಹೋಗಲು ಬೂಟು ಹಾಕಿಸಿಕೊಂಡಿದ್ದರು. ನಾನು ಹೇಳಿ ಮುಗಿಸುವವರೆಗೂ ನನ್ನನ್ನೇ ನೋಡುತ್ತಿದ್ದರು.

"ಬೇಲಿಯ ಹೊರಗೆ ನಿಂತು ಯಾರಾದರೂ ನೋಡಿದರೇ?"

"ನನ್ನ ಗೆಳೆಯರು ನೋಡಿದರು."

ಆಮೇಲೆ, ಗೋಡೆಯ ಮೇಲೆ ಕುಳಿತು ಎಂದೂ ಹೇಳದಿದ್ದ ಒಂದನ್ನು ಹೇಳಿದರು.

"ನಮ್ಮವರು ಮೊದಲು ಬಂದಾಗ ಆ ಬಯಲು ತುಂಬ ಹಳದಿ ಹೂವಿನ ಗಿಡವಂತೆ. ಬುಡದಲ್ಲಿ ಗೆಡ್ಡೆ. ಇಲ್ಲಿನ ಮೂಲನಿವಾಸಿ ಹೆಂಗಸರು ಕೋಲಿನಿಂದ ಅಗೆದು ತೆಗೆಯುತ್ತಿದ್ದರು. ದೊಡ್ಡದನ್ನು ತೆಗೆದು ಚಿಕ್ಕದನ್ನು ಮಣ್ಣಿಗೇ ಬಿಡುತ್ತಿದ್ದರು, ಮುಂದಿನ ವರ್ಷಕ್ಕೆ. ನಮ್ಮ ಕುರಿಗಳು ಅದನ್ನು ಬೇರುಸಹಿತ ತಿಂದವು. ಆಮೇಲೂ ಒಂದೆರಡು ವರ್ಷ ಆ ಹೆಂಗಸರು ಬಂದು ಗೋಡೆಯ ಆಚೆ ನಿಲ್ಲುತ್ತಿದ್ದರಂತೆ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು."

ಆಕೆ ಕೈಗಳನ್ನು ಕಂಬಳಿಯ ಅಡಿಗೆ ಎಳೆದುಕೊಂಡರು.

"ಅದು ಬೆಳೆ ಅಂತ ನಮಗೆ ತಿಳಿದಿರಲಿಲ್ಲ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ತಿಳಿಯದಿದ್ದರೆ ಅವರು ನಿಂತದ್ದನ್ನು ನೆನಪಿಟ್ಟುಕೊಂಡಿದ್ದೇಕೆ? ಎಲ್ಲರಿಗೂ ಗೇಟು ತೆಗೆದೆವೆಂದು ನಾನು ನಿನಗೆ ಹೇಳುತ್ತಿದ್ದೆನಲ್ಲ, ಅದು ನಾವು ಲೆಕ್ಕ ಶುರುಮಾಡಿದ ದಿನದಿಂದ ಮಾತ್ರ ನಿಜ."

ಸಂಜೆಯ ಊಟಕ್ಕೆ ಗಂಟೆ ಬಾರಿಸಿದರು. ಒಬ್ಬ ನರ್ಸ್ ಬಂದು ಆಕೆಯ ಬೂಟುಗಳನ್ನು ಬಿಚ್ಚತೊಡಗಿದಳು. ನಾನು ಎದ್ದು, ಕೈಕುಲುಕಿ ಹೊರಡಲೆಂದು ಕೈ ಚಾಚಿದೆ.

"ಬೇಡ," ಎಂದರು. "ಮಾತು ಉಳಿಸಿಕೊಂಡವರು ಕೊಡುವಂಥದ್ದು ಅದು. ನಮ್ಮ ಮನೆಯವರು ಉಳಿಸಿಕೊಳ್ಳಲಿಲ್ಲ."

ಅವರ ಕೈ ಕಂಬಳಿಯ ಅಡಿಯಿಂದ ಹೊರಗೆ ಬರಲಿಲ್ಲ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ನಾನು ನೆಲದ ಮೇಲಿದ್ದ ಬೂಟುಗಳನ್ನು ಎತ್ತಿ ಮಂಚದ ಪಕ್ಕಕ್ಕೆ ಇಟ್ಟು ಹೊರಬಂದೆ.