ಮಗಳ ಕೋಣೆಗೆ ಪರದೆ

ನಮ್ಮ ಕಡೆ ಮಳೆಗಾಲದಲ್ಲಿ ಮಂಕಾಗಿ ಕೂತವರನ್ನು ಯಾರೂ ಕಾಯಿಲೆಯವರು ಎನ್ನುವುದಿಲ್ಲ. ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಇಡೀ ಕೊಡಗೇ ಕಂಬಳಿ ಹೊದ್ದು ಕೂರುತ್ತದೆ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ; ಮನುಷ್ಯರು ಮಾತ್ರ ಗರಿಗರಿಯಾಗಿರಬೇಕೆಂದರೆ ಹೇಗೆ? ಆದ್ದರಿಂದ ಕುಶಾಲನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ನನ್ನ ಮಗಳು ಆ ಮಳೆಗಾಲ ರಜೆ ಹಾಕಿ ಮಲಗಿದಾಗ ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. "ಮಳೆ ಬಿಡ್ಲಿ, ತಾನಾಗೇ ಎದ್ದೇಳ್ತಾಳೆ" ಎಂದರು, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರಾದ ನನ್ನ ಗಂಡ. ನಾನೂ ಹಾಗೇ ಅಂದುಕೊಂಡೆ. ಪಕ್ಕದ ಮನೆಯವರೂ ಹಾಗೇ ಅಂದರು.

ಮಳೆ ಬಿಟ್ಟಿತು. ಹುತ್ತರಿ ಹಬ್ಬ ಬಂತು, ಹೋಯಿತು. ಸುಂಟಿಕೊಪ್ಪದ ನಮ್ಮ ಮನೆಯೆದುರಿನ ತೋಟದಲ್ಲಿ ಕಾಫಿ ಹಣ್ಣಾಗಿ ಪಿಕಿಂಗ್ ಶುರುವಾಯಿತು. ಬೆಳಿಗ್ಗೆ ಜೀಪು ತುಂಬ ಹೆಣ್ಣಾಳುಗಳು ಬಂದು ಇಳಿಯತೊಡಗಿದರು. ಆ ದಿನಗಳ ಬಿಸಿಲಿಗೆ ನಾವೆಲ್ಲ ಹಾಸಿಗೆ, ದಿಂಬು, ಕಂಬಳಿಗಳನ್ನು ಹೊರಗೆ ಹಾಕಿ ಮಳೆಗಾಲದ ಮುಗ್ಗಲು ವಾಸನೆ ಕಳೆಯುತ್ತೇವೆ. ಆ ಸಲವೂ ಹಾಕಿದೆ. ಮಗಳು ಮಲಗಿದ್ದ ಹಾಸಿಗೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಿಸಿಲು ಕಂಡಿತು. ಆಗ ನನಗೆ ಹೆದರಿಕೆ ಹುಟ್ಟಿತು.

ಮಡಿಕೇರಿಯ ಡಾಕ್ಟರು ಇದು ಖಿನ್ನತೆ, ವಾಸಿಯಾಗಲು ಸಮಯ ಹಿಡಿಯುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ಕಾರಣ ಕೇಳಿದರೆ, ಇದಕ್ಕೆ ಕಾರಣ ಇರಲೇಬೇಕೆಂದಿಲ್ಲ ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ಕಾರಣವಿದ್ದಿದ್ದರೆ ಅದರ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಈಗ ಯಾರ ಹತ್ತಿರ ಆಡಲಿ? ನೆಂಟರು ಮಾತ್ರ ಕಾರಣಕ್ಕೂ ಪರಿಹಾರಕ್ಕೂ ಬರವಿಲ್ಲದವರು. ಕೊಡ್ಲಿಪೇಟೆಯಿಂದ ನನ್ನ ಅಕ್ಕ ಫೋನ್ ಮಾಡಿ, "ಮದ್ವೆ ಮಾಡ್ಬುಡೆ, ಎಲ್ಲಾ ಸರಿ ಹೋಯ್ತದೆ" ಎಂದಳು. ಮದ್ವೆಯಾಗಿ ಸರಿಹೋದವರನ್ನು ನಾನೂ ಹುಡುಕ್ತಾ ಇದೀನಿ ಕಣಕ್ಕಾ, ಸಿಕ್ಕಿದರೆ ಹೇಳ್ತೀನಿ ಎಂದು ಫೋನ್ ಇಟ್ಟೆ. ಬಾಯಿ ಜೋರು ಮಾಡಿದ್ದು ಮುಗಿದ ಮೇಲೆ ಅಡುಗೆಮನೆಯ ಕಟ್ಟೆಗೆ ಆತು ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ನಮ್ಮ ಮನೆಯ ಕಿಟಕಿಗಳಿಗೆಲ್ಲ ಅರ್ಧ ಪರದೆ. ಎರಡು ಮೊಳೆ, ನಡುವೆ ಎಳೆದು ಕಟ್ಟಿದ ಸ್ಪ್ರಿಂಗ್ ತಂತಿ, ಅದಕ್ಕೆ ಪೋಣಿಸಿದ ಹಳೆ ಸೀರೆಯ ತುಂಡು. ಎಸ್ಟೇಟ್ ಕ್ವಾರ್ಟರ್ಸಿನಲ್ಲಿದ್ದಾಗಿನ ರೂಢಿ, ಸ್ವಂತ ಮನೆಗೆ ಬಂದರೂ ಬಿಡಲಿಲ್ಲ. ಕೆಳಗಿನ ಅರ್ಧ ದಾರಿಹೋಕರ ಕಣ್ಣಿಗೆ ಅಡ್ಡ, ಮೇಲಿನ ಅರ್ಧ ಬೆಳಕಿಗೆ ಬಿಟ್ಟದ್ದು. ಮಳೆಯ ತಿಂಗಳುಗಳಲ್ಲಿ ಆ ಮೇಲಿನ ಅರ್ಧದಿಂದ ಬರುವುದೂ ಬೂದಿ ಬಣ್ಣದ ಬೆಳಕೇ, ಅವಳಿಗೆ ತೊಂದರೆಯಾಗಲಿಲ್ಲ. ಬಿಸಿಲು ಬಂದದ್ದೇ ಅವಳು ಒಂದು ದಿನ ಬೆಡ್‌ಶೀಟ್ ತೆಗೆದು ಇಡೀ ಕಿಟಕಿಗೆ ಮೊಳೆ ಹೊಡೆದುಬಿಟ್ಟಳು. ರಸ್ತೆಯಿಂದ ನೋಡಿದರೆ ಹೂವಿನ ಬೆಡ್‌ಶೀಟು ಎದ್ದು ಕಾಣುತ್ತಿತ್ತು. ಪಕ್ಕದ ಮನೆಯಾಕೆ, "ಏನಕ್ಕ, ಮನೆಗೆ ಪೇಂಟ್ ಹೊಡಿಸ್ತಿದೀರಾ?" ಎಂದು ಕೇಳಿದಾಗ ಹೌದು ಅನ್ನಬೇಕಾಯಿತು.

ನಾನು ಬೈಯಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು, "ಒಂದ್ ಒಳ್ಳೆ ಪರದೆ ಹೊಲ್ಸಾನ ಮಗಾ. ಕೆಳಗಿನ್ ತಂಕ ಇಳಿಯೋದು" ಎಂದೆ. ಅವಳು ಗೋಡೆಯ ಕಡೆಯಿಂದ ಇತ್ತ ತಿರುಗಿದಳು.

"ನಾನೂ ಬರ್ತೀನಮ್ಮ ಅಂಗಡಿಗೆ" ಎಂದಳು.

ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೊಸ್ತಿಲು ದಾಟದವಳು, ತಾನಾಗಿ ಬರುತ್ತೇನೆ ಎಂದಳು. ನನಗೆ ಕಾಲೇ ನಿಲ್ಲಲಿಲ್ಲ. ಅವಳು ತಲೆ ಬಾಚಿಕೊಂಡಳು, ಚೂಡಿದಾರ ಹಾಕಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟಳು. ನಾನು ಕುಶಾಲನಗರದವರೆಗೂ ಕಂಡ ಕಂಡದ್ದೆಲ್ಲ ಮಾತಾಡುತ್ತ ಹೋದೆ, ಅವಳು ಹೂಂಗುಟ್ಟುತ್ತ ಕೂತಳು.

ಪರದೆ ಅಂಗಡಿಯವರು ಮಲಯಾಳಿ, ಸಮಾಧಾನದ ಮನುಷ್ಯ. ಬಟ್ಟೆ ಆಮೇಲೆ, ಮೊದಲು ಮೇಲ್ತಲೆ ಯಾವುದು ಅಂತ ತೀರ್ಮಾನ ಮಾಡಿ ಎಂದರು. ಪರದೆಯ ಮೇಲಂಚು ಕಂಬಿಗೆ ಹೇಗೆ ನೇತುಬೀಳಬೇಕು ಎನ್ನುವುದರಲ್ಲಿ ಇಷ್ಟೆಲ್ಲ ಬಗೆ ಇದೆಯೆಂದು ಸ್ಪ್ರಿಂಗ್ ತಂತಿಯ ನನಗೆ ಹೇಗೆ ಗೊತ್ತಾಗಬೇಕು? ಗೋಡೆಗೆ ಸಾಲಾಗಿ ಮಾದರಿಗಳನ್ನು ತೂಗುಹಾಕಿದ್ದರು. ನನ್ನ ಮನಸ್ಸು ಹೋದದ್ದು ರಿಂಗಿನ ಪರದೆಯ ಮೇಲೆ. ಬಟ್ಟೆಯಲ್ಲೇ ದೊಡ್ಡ ಸ್ಟೀಲ್ ಬಳೆಗಳು, ಅದರೊಳಗೆ ಕಂಬಿ. ಒಂದು ಬೆರಳಿನಲ್ಲಿ ತಳ್ಳಿದರೆ ಸರ್ರೆಂದು ಪೂರ್ತಿ ಪಕ್ಕಕ್ಕೆ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಆ ಸದ್ದು ಅವಳ ಕೋಣೆಯಿಂದ ಕೇಳಿಸಿದರೆ ಎಂದುಕೊಂಡು ನಾನು ಅದನ್ನು ಆ ಕಡೆ ಈ ಕಡೆ ಎಳೆದು ನೋಡಿದ್ದೇ ನೋಡಿದ್ದು.

ಮಗಳು ಹತ್ತಿರ ಬಂದು ಕತ್ತೆತ್ತಿ ಕಂಬಿಯನ್ನು ನೋಡಿದಳು. "ಇದ್ರಲ್ಲಿ ಮೇಲಿಂದ ಬೆಳಕು ಬರುತ್ತಾ?"

"ಸ್ವಲ್ಪ ಬರ್ತದೆ ಮೇಡಂ. ಬಟ್ಟೆ ಅಲೆ ಅಲೆ ನಿಲ್ತದಲ್ಲ, ರಾಡ್ ಹತ್ರ ಸಂದು ಇರ್ತದೆ."

"ಲೂಪಿಂದು?" ಎಂದು ಬಟ್ಟೆಪಟ್ಟಿಯ ಕುಣಿಕೆಗಳಿಂದ ತೂಗುತ್ತಿದ್ದ ಪರದೆ ತೋರಿಸಿದಳು.

"ಅದ್ರಲ್ಲಿ ಇನ್ನೂ ಜಾಸ್ತಿ. ಪಟ್ಟಿ ಪಟ್ಟಿ ಮಧ್ಯೆ ಎಲ್ಲಾ ಖಾಲಿಯಲ್ವಾ?"

"ಹಾಗಾದ್ರೆ ಯಾವ್ದ್ರಲ್ಲಿ ಬರಲ್ಲ?"

ಅವರು ಪ್ಲೀಟಿನ ಪರದೆ ತೋರಿಸಿದರು. ಸೀರೆಯ ನೆರಿಗೆಯಂತೆ ಹಿಡಿದು ಗಟ್ಟಿ ಕ್ಯಾನ್ವಾಸ್ ಪಟ್ಟಿಗೆ ಹೊಲಿದದ್ದು, ಹಿಂದೆ ಚಾನೆಲ್ ಎನ್ನುವ ಹಳಿಯಲ್ಲಿ ಓಡುವ ಹುಕ್ಕು. ಮಗಳ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಹುಕ್ಕನ್ನು ಕೆಳಗೆ ಇಳಿಸಿದರೆ ಬಟ್ಟೆ ಚಾನೆಲ್‌ಗಿಂತ ಮೇಲೆ ನಿಲ್ಲುತ್ತದಾ? ಚಾನೆಲ್ಲನ್ನು ಸೀಲಿಂಗಿಗೇ ಕೂರಿಸಬಹುದಾ? ಎರಡೂ ತುದಿಯನ್ನು ಗೋಡೆಗೆ ತಿರುಗಿಸಬಹುದಾ? ಹಿಂದೆ ಕಪ್ಪು ಲೈನಿಂಗ್ ಎಷ್ಟು ದಪ್ಪದ್ದಿದೆ? ಪಾಠ ಮಾಡುವಾಗ ಹೀಗೇ ಇರುತ್ತಿದ್ದಳೇನೋ, ಅಷ್ಟು ಚುರುಕು. ನಾನು ಅಂಗಡಿಯ ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ. "ರೀ, ಮಾತಾಡ್ತಾವ್ಳೆ ರೀ. ಅಂಗ್ಡಿಯವ್ರಿಗೇ ಉತ್ರ ಹೇಳಕ್ ಆಗ್ತಿಲ್ಲ" ಎಂದೆ. "ಅವ್ಳು ಏನ್ ಕೇಳ್ತಾಳೋ ಕೊಡ್ಸು" ಎಂದರು.

ನಾನು ಒಳಗೆ ಬರುವ ಹೊತ್ತಿಗೆ ಅಂಗಡಿಯವರು ಮೂಲೆಯಲ್ಲಿ ಅಂಥದ್ದೊಂದು ಪರದೆಯನ್ನು ಮುಚ್ಚಿ ತೋರಿಸುತ್ತಿದ್ದರು. ಮಗಳು ಅದಕ್ಕೆ ಮುಖ ಮಾಡಿ ನಿಂತಿದ್ದಳು. ಅವರು ನನ್ನ ಕಡೆ ತಿರುಗಿ, "ಮಗಳು ನರ್ಸಾ ಅಮ್ಮ? ನೈಟ್ ಡ್ಯೂಟಿ ಮಾಡಿ ಹಗಲು ಮಲಗುವವರೇ ಇದನ್ನು ಕೇಳುವುದು" ಎಂದರು.

ಆಗ ನನಗೆ ಅರ್ಥವಾಯಿತು. ಇಷ್ಟು ಹೊತ್ತು ನಾನು ಕಣ್ಣು ತುಂಬಿಕೊಂಡು ನೋಡಿದ ಚುರುಕೆಲ್ಲ ಬೆಳಕು ನುಸುಳುವ ಸಂದುಗಳನ್ನು ಒಂದೊಂದಾಗಿ ಮುಚ್ಚುವುದಕ್ಕೆ ಖರ್ಚಾಗಿತ್ತು. ಹೊರಗೆ ಬರುವುದಕ್ಕಲ್ಲ, ಇನ್ನೂ ಒಳಗೆ ಹೋಗುವುದಕ್ಕೆ ಅವಳು ಅಷ್ಟು ದೂರ ಬಂದಿದ್ದಳು.

"ಹೂಂ, ನರ್ಸು" ಎಂದೆ.

ಬೇಡ ಅನ್ನಲು ಬಾಯಿ ತೆರೆದದ್ದು ನಿಜ. ರಿಂಗೇ ಇರಲಿ ಮಗಾ, ಬೇಕಾದಾಗ ಸುಲಭವಾಗಿ ತೆರೆಯಬಹುದು ಎಂದು ಅರ್ಧ ಹೇಳಿಯೂ ಹೇಳಿದೆ. ಅವಳು ಜಗಳವಾಡಲಿಲ್ಲ. "ಸರಿ ಬಿಡಮ್ಮ, ಯಾವ್ದಾದ್ರೂ ಆಗುತ್ತೆ" ಎಂದಳು. ಅಷ್ಟು ಹೇಳುವಾಗಲೇ ಮುಖ ಮತ್ತೆ ಮೊದಲಿನಂತಾಯಿತು, ಕೈ ಪಕ್ಕಕ್ಕೆ ಬಿತ್ತು. ಆ ಮುಖವನ್ನು ಇನ್ನೊಮ್ಮೆ ಮನೆಗೆ ಕರೆದುಕೊಂಡು ಹೋಗುವ ಧೈರ್ಯ ನನಗಾಗಲಿಲ್ಲ. "ಅವಳು ಹೇಳಿದ್ದನ್ನೇ ಹೊಲಿದುಕೊಡಿ" ಎಂದೆ.

ಅಂಗಡಿಯವರು ಹೇಳಿದ ದಿನಕ್ಕೆ ಬಂದು ಹಾಕಿಕೊಟ್ಟು ಹೋದರು. ಸೀಲಿಂಗಿಗೆ ಡ್ರಿಲ್ ಹೊಡೆದು ಚಾನೆಲ್ ಕೂರಿಸಿದರು, ತುದಿಗಳನ್ನು ಗೋಡೆಗೆ ತಿರುಗಿಸಿ ಹುಕ್ಕು ಸಿಕ್ಕಿಸಿದರು. ಒಂದು ಕಡೆ ಕೂದಲೆಳೆಯಷ್ಟು ಸಂದು ಉಳಿದದ್ದನ್ನು ನಾನೇ ತೋರಿಸಿದೆ. ಅದೇಕೆ ತೋರಿಸಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊಟ್ಟ ಕೆಲಸ ಅಚ್ಚುಕಟ್ಟಾಗಿರಬೇಕು ಎನ್ನುವ ಹೆಂಗಸಿನ ಹಟವಿರಬೇಕು. ಅವರು ಅದನ್ನೂ ಸರಿಮಾಡಿದರು.

ಮಾರನೆಯ ಬೆಳಿಗ್ಗೆ ಕಾಫಿ ಹಿಡಿದು ಅವಳ ಕೋಣೆಗೆ ಹೋದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ತೋಟದಲ್ಲಿ ಹೆಣ್ಣಾಳುಗಳ ನಗು. ಒಳಗೆ ಕಾಲಿಟ್ಟು ಬಾಗಿಲು ಮುಚ್ಚಿದ ಮೇಲೆ ಕೈಯಲ್ಲಿದ್ದ ಲೋಟವೇ ನನಗೆ ಕಾಣಲಿಲ್ಲ. ಮೇಲೆ ನೋಡಿದೆ, ಪಕ್ಕಕ್ಕೆ ನೋಡಿದೆ. ಒಂದು ಗೆರೆ ಬೆಳಕಿಲ್ಲ. ಮಂಚ ಎಲ್ಲಿದೆಯೆಂದು ಕಾಲಿನಲ್ಲಿ ತಡವುತ್ತ ಹೋಗಿ ಕೂತೆ.

"ಚೂರು ಸರ್ಸ್ಲಾ ಮಗಾ? ಒಂದೇ ಚೂರು?"

"ಬೇಡಮ್ಮ." ಅವಳ ಕೈ ಬಂದು ನನ್ನ ಕೈ ಹುಡುಕಿತು. ತಣ್ಣಗಿತ್ತು. "ತುಂಬ ಚೆನ್ನಾಗ್ ಬಂದಿದೆ. ಥ್ಯಾಂಕ್ಸ್ ಅಮ್ಮ" ಎಂದಳು.

ಕಾಯಿಲೆ ಬಿದ್ದ ಮೇಲೆ ನನ್ನ ಮಗಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನೂ ನಾನು ಇಷ್ಟು ಚೆನ್ನಾಗಿ ಮಾಡಿಕೊಡಬೇಕಿತ್ತೇ?