ಎಣಿಸದೆ ಸುತ್ತಿದ ಮೋಟಾರು

ಭಕ್ತ ಬಂಧುಗಳೇ, ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಸ್ವಾಮಿಯ ಕೃಪೆ ಹೇಳಬೇಕಾದರೆ ನನ್ನ ತಪ್ಪನ್ನೂ ಹೇಳಲೇಬೇಕು.

ಶಿಡ್ಲಘಟ್ಟದ ಮೋಟಾರು ವೈಂಡಿಂಗ್ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಕೆಲಸ ಕಲಿಸಿದವರು ಅಲ್ಲಿನ ಹಿರಿಯ ಮೆಕ್ಯಾನಿಕ್ ಮುನಿರಾಜಣ್ಣ. ಸುಟ್ಟ ಮೋಟಾರಿನ ಹಳೆಯ ತಂತಿ ಎಷ್ಟು ಸುತ್ತು ಇದೆಯೆಂದು ಎಣಿಸಿ, ಹೊಸ ತಂತಿಯನ್ನೂ ಅಷ್ಟೇ ಸುತ್ತಬೇಕು. ಹೆಚ್ಚಾಗಿ ಎಣಿಸುತ್ತಿದ್ದವರು ಅವರೇ. ಕಳೆದ ವರ್ಷ ರೇಷ್ಮೆ ನೂಲು ಬಿಚ್ಚುವ ಘಟಕದ ಮೋಟಾರೊಂದು ಬಂದಾಗ ನಾನು ಎಣಿಸುವ ಗೋಜಿಗೇ ಹೋಗದೆ, ಅಂಗಡಿಯ ಪುಸ್ತಕದಲ್ಲಿದ್ದ ಬೇರೆ ಮೋಟಾರಿನ ಲೆಕ್ಕ ನೋಡಿ ಸುತ್ತಿಬಿಟ್ಟೆ. ಮೂರೇ ದಿನಕ್ಕೆ ಅದು ಮತ್ತೆ ಸುಟ್ಟಿತು. ಅಂಗಡಿ ಮಾಲೀಕರು ಕೇಳಿದಾಗ, "ಮುನಿರಾಜಣ್ಣನೇ ಎಣಿಸಿ ಹೇಳಿದ್ದು" ಎಂದೆ. ದಿನವೂ ಎಷ್ಟೋ ಮೋಟಾರು ಎಣಿಸುತ್ತಿದ್ದ ಮುನಿರಾಜಣ್ಣ ಇದನ್ನೂ ತಾವೇ ಎಣಿಸಿರಬೇಕೆಂದುಕೊಂಡರು. ವಯಸ್ಸಾಗಿ ಕಣ್ಣು ಮೋಸ ಮಾಡಿತೆಂದು ನಂಬಿ ಕೆಲಸ ಬಿಟ್ಟು ಮನೆ ಸೇರಿದರು.

ಈ ವರ್ಷ ಗೌರಿಬಿದನೂರಿನ ಕಾರ್ಖಾನೆಯೊಂದರಿಂದ ಮೋಟಾರು ರಿಪೇರಿ ಕೆಲಸಕ್ಕೆ ಇಂಟರ್‌ವ್ಯೂ ಪತ್ರ ಬಂತು. ಐಟಿಐ ಮುಗಿಸಿದಾಗಿನಿಂದ ಕಾದಿದ್ದ ಕೆಲಸ. ಊರಿನ ಆಂಜನೇಯ ಸ್ವಾಮಿಗೆ ದಿನವೂ ಒಂಬತ್ತು ಸುತ್ತು ಪ್ರದಕ್ಷಿಣೆ ಹಾಕಿ, "ಕೆಲಸ ಕೊಡಿಸು ತಂದೆ, ಆ ವಿಷಯ ಮಾತ್ರ ಹೊರಗೆ ಬರದಿರಲಿ" ಎಂದು ಬೇಡಿದೆ. ಆ ಸುತ್ತುಗಳನ್ನು ಮಾತ್ರ ತಪ್ಪದೆ ಎಣಿಸಿದೆ. ಎಂಥ ಭಂಡತನ ನನ್ನದು!

ಶನಿವಾರ ದೇವಸ್ಥಾನದ ಬಾಗಿಲಲ್ಲೇ ಮುನಿರಾಜಣ್ಣ ಎದುರಾದರು. ತಲೆ ತಗ್ಗಿಸಿ ಜಾರಿಕೊಳ್ಳುವಷ್ಟರಲ್ಲಿ ಅವರೇ ಕರೆದರು.

"ಇಂಟ್ರೂ ಐತಂತಲ್ಲಮ್ಮ? ಮನೇಗ್ ಬಾ, ಹೇಳ್ಕೊಡ್ತೀನಿ."

ಅವರ ಜಗುಲಿಯಲ್ಲಿ ಹಳೆಯ ಮೋಟಾರೊಂದನ್ನು ಬಿಚ್ಚಿದೆವು. ತಂತಿಯ ಕಟ್ಟನ್ನು ನನ್ನ ಕೈಗಿಟ್ಟು, "ನೀನೇ ಎಣಿಸಮ್ಮ. ನನ್ ಕಣ್ಣ ನಂಬಂಗಿಲ್ಲ" ಎಂದರು.

ತಂತಿಯ ಕಟ್ಟನ್ನು ಕೆಳಗಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಅವರು ಆ ಕಟ್ಟನ್ನು ಎತ್ತಿ ಕಣ್ಣ ಹತ್ತಿರ ಹಿಡಿದು, "ಹಂಗಾರೆ ನನ್ ಕಣ್ಣು ಸರಿಯಾಗೇ ಐತಾ?" ಎಂದರು. ಆಮೇಲೆ, "ಒಂದ್ ವರ್ಷ ನನ್ ಕೈನ ನಾನೇ ನಂಬ್ಲಿಲ್ವಲ್ಲಮ್ಮ" ಎಂದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಂದೇ ಮಾಲೀಕರ ಮುಂದೆಯೂ ಒಪ್ಪಿಕೊಂಡೆ. ಸೋಮವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಇಂಟರ್‌ವ್ಯೂಗೆ ಹೋದೆ. "ನಿಮ್ಮ ತಪ್ಪಿನಿಂದ ಸುಟ್ಟ ಮೋಟಾರು ಯಾವುದಾದರೂ ಇದೆಯಾ?" ಎಂದು ಕೇಳಿದರು. ಎರಡು ದಿನದ ಹಿಂದಾಗಿದ್ದರೆ ಇಲ್ಲವೆನ್ನುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಂಟು ದಿನಕ್ಕೆ ಕೆಲಸಕ್ಕೆ ಬರಹೇಳಿದರು.

ಮುಚ್ಚಿಡು ಎಂದು ಬೇಡಿದವಳನ್ನು ಆ ಹಿರಿಯರ ಎದುರಿಗೇ ತಂದು ನಿಲ್ಲಿಸಿದ ಸ್ವಾಮಿಯ ಪಾದಕ್ಕೆ ಕೋಟಿ ನಮಸ್ಕಾರ. ಇನ್ನು ಅವನ ಹತ್ತಿರ ನನಗೆ ಮುಚ್ಚುಮರೆಯಿಲ್ಲ. ಮುನಿರಾಜಣ್ಣ ಮತ್ತೆ ಅಂಗಡಿಗೆ ಹೋಗುತ್ತಿದ್ದಾರೆ. ನನ್ನೊಂದಿಗೆ ಮಾತು ಕಡಿಮೆ ಮಾಡಿದ್ದಾರೆ, ಅದು ನನಗೆ ಆಗಬೇಕಾದದ್ದೇ.