ಯಾರೂ ಬಿಚ್ಚದ ಬುತ್ತಿ

ನನ್ನ ಬಾಯಿ ಜೋರು ಎಂದು ಕೌಜಲಗಿ ಕಡೆಯ ನಮ್ಮ ಬಳಗಕ್ಕೆಲ್ಲ ಗೊತ್ತು. ಗೋಕಾಕದ ಗಂಡನ ಮನೆಯಿಂದ ತವರಿಗೆ ಬಂದರೆ ಅಪ್ಪ ಮೊದಲು ಅನ್ನುತ್ತಿದ್ದದ್ದೇ "ಬಂದ್ಯಾ? ಇನ್ನ ಮನ್ಯಾಗ ಗದ್ಲ" ಎಂದು. ಅವ್ವನ ಹೊಟ್ಟೆಯ ವಿಷಯದಲ್ಲಿ ಮಾತ್ರ ಆ ಬಾಯಿ ಏನೂ ಕೆಲಸಕ್ಕೆ ಬರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವ್ವನಿಗೆ ಮೊದಲು ಕೆಟ್ಟದ್ದು ಮೊಣಕಾಲು. ಹೊಲದಲ್ಲಿ ಕಳೆ ತೆಗೆಯುತ್ತ ಕುಕ್ಕರಗಾಲಲ್ಲಿ ಕೂತು ಕೂತು ಕಾಲು ಹಿಡಿದುಕೊಂಡಿದ್ದವು. ಅಪ್ಪ ಮೂಡಲಗಿ ಸಂತೆಗೆ ಹೋದಾಗಲೆಲ್ಲ ನೋವಿನ ಗುಳಿಗೆ ತರುತ್ತಿದ್ದ. ಡಾಕ್ಟರಿಲ್ಲ, ಚೀಟಿಯಿಲ್ಲ, ಅಂಗಡಿಯವನ ಮುಂದೆ ಮೊಣಕಾಲು ತಟ್ಟಿ ತೋರಿಸಿದರೆ ಆಯಿತು. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯಲು ಕೂರುವ ಮೊದಲೇ ತಾನೇ ಗುಳಿಗೆ ಬಿಡಿಸಿ, ಚಹದ ಜೊತೆ ಬರಿ ಹೊಟ್ಟೆಗೆ ಕೊಡುತ್ತಿದ್ದ. ಹೆಂಡತಿಗೆ ಅಷ್ಟು ಮಾಡುವ ಗಂಡಸು ನಮ್ಮ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ.

ಬರಬರುತ್ತ ಎದೆಯುರಿ ಶುರುವಾಯಿತು. ಹುಳಿತೇಗು, ಉಂಡರೆ ಸಂಕಟ, ಉಣ್ಣದಿದ್ದರೆ ಉರಿ. ಅವ್ವ ಖಾರ ಬಿಟ್ಟಳು. ಪಿತ್ತವೆಂದು ಹಸಿಶುಂಠಿ ತಿಂದಳು. ಹೊಕ್ಕುಳ ಜಾಗ ಬಿಟ್ಟು ಸರಿದಿದೆ ಎಂದು ಎಣ್ಣೆ ಹಚ್ಚಿ ತೀಡಿಸಿಕೊಂಡಳು. ಗುಳಿಗೆ ಮಾತ್ರ ಬಿಡಲಿಲ್ಲ, ಕಾಲು ಏಳಬೇಕಲ್ಲ.

ಕಾರಹುಣ್ಣಿಮೆಯ ದಿನ ಚಿಗವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ, ಬಾಜೂ ಮನೆಯಿಂದ ಹೋಳಿಗೆ ಕೊಟ್ಟು ಹೋದಳು. ಮರುದಿನ ಅವ್ವ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಹೊಲ ಪಾಲಾದಾಗಿನಿಂದ ಎರಡೂ ಮನೆಗಳ ನಡುವೆ ಸಣ್ಣ ಮುನಿಸಿತ್ತು, ಅಷ್ಟು ಸಾಕಾಯಿತು. ನೋಡಲು ಬಂದ ಸೋದರತ್ತೆ ಹೇಳಿಯೇ ಬಿಟ್ಟಳು: "ಇದು ಜಡ್ಡ ಅಲ್ಲೋ ಯಣ್ಣಾ. ಮದ್ದ ಹಾಕ್ಯಾರ."

ಆಗದವರು ಊಟದಲ್ಲಿ ಏನೋ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ನಮ್ಮವರು ನಂಬುತ್ತಾರೆ. ವಾಂತಿ ಮಾಡಿಸಿ ಅದನ್ನು ತೆಗೆಯುವವರೂ ಇದ್ದಾರೆ. ನಾನು ಓಡಿ ಬಂದು ದವಾಖಾನೆಗೆ ಹೋಗೋಣವೆಂದು ಹಟ ಹಿಡಿದೆ. ಅಪ್ಪ ಕೇಳಲಿಲ್ಲ. "ಮದ್ದ ಹೊಟ್ಟ್ಯಾಗ ಇದ್ದಾಗ ಸೂಜಿ ಮಾಡಿಸಿದ್ರ ತಿರುಗಿ ಬೀಳತೈತಿ. ನಿಮ್ಮವ್ವನ್ನ ಕೊಲ್ಲಬೇಕಂತೀಯೇನ?" ಎಂದ.

ಬಾಡಿಗೆ ಗಾಡಿ ಮಾಡಿಕೊಂಡು ಹುಕ್ಕೇರಿ ದಾಟಿ ಒಂದು ಹಳ್ಳಿಗೆ ಹೋದೆವು. ಮದ್ದು ತೆಗೆಯುವವನ ಅಂಗಳದಲ್ಲಿ ನಮ್ಮಂಥವರು ಸಾಲುಗಟ್ಟಿ ಕೂತಿದ್ದರು. ಅವನು ಯಾವುದೋ ಎಲೆಯ ರಸ ಕುಡಿಸಿ, ಮೇಲೆ ಮಜ್ಜಿಗೆ ಕುಡಿಸಿದ. ಅವ್ವ ಕರುಳೇ ಕಿತ್ತು ಬರುವ ಹಾಗೆ ಪರಾತದೊಳಗೆ ಕಾರಿದಳು. ಕಾರಿದ ಮಜ್ಜಿಗೆಯಲ್ಲಿ, ಸೋಸಿ ಉಳಿದ ಚಹಾಪುಡಿಯಂಥ ಕರಿ ಚೂರುಗಳಿದ್ದವು.

"ನೋಡ್ರಿ ಯಜಮಾನ್ರ, ಬಂತು. ಬೇರ ಬಿಟ್ಟಿತ್ತು," ಎಂದ ಅವನು. ಅಪ್ಪ ಕೈ ಮುಗಿದ. ಆ ಬಣ್ಣ ಕಂಡು ನನಗೆ ಹೆದರಿಕೆಯಾಗಿ ಮತ್ತೆ ಡಾಕ್ಟರ ಮಾತೆತ್ತಿದೆ. "ಕಣ್ಣಿಲೆ ನೋಡೀದಿಲ್ಲೋ? ಇನ್ನೂ ಯಾಕ ವಾದಾ ಮಾಡ್ತಿ?" ಎಂದು ಅಪ್ಪ ಗದರಿದ. ಗಾಡಿಯಲ್ಲಿ ಅವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಈಗ ಹಗೂರ ಆಗೈತಿ ಬಿಡ" ಎಂದಳು. ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಗುಳಿಗೆ ಬಿಡಿಸಿಕೊಟ್ಟ.

ಅದೇ ವಾರ ಅವ್ವ ಬಚ್ಚಲಲ್ಲಿ ಕುಸಿದಳು. ಗೋಕಾಕದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವಾಂತಿಯ ಬಣ್ಣ ಕೇಳಿಯೇ ಮುಖ ಗಂಟಿಕ್ಕಿದರು. "ಅದು ರಕ್ತ ರೀ. ಹೊಟ್ಟಿಯೊಳಗ ಸೋರಿದ ರಕ್ತ ಆಮ್ಲಕ್ಕ ಸಿಕ್ರ ಹಂಗ ಕರ್ರಗಾಗತೈತಿ. ನೋವಿನ ಗುಳಿಗಿ ತಗೋತಿದ್ರೇನು?" ಅಪ್ಪ ನೆಲ ನೋಡುತ್ತ ಹೂಂ ಎಂದ. ಬರಿ ಹೊಟ್ಟೆಗೆ ನುಂಗಿದ ಗುಳಿಗೆಗಳಿಂದ ಜಠರದಲ್ಲಿ ಹುಣ್ಣಾಗಿ, ಹುಣ್ಣು ಒಡೆದಿತ್ತು. ರಕ್ತ ಹಾಕಿದರೂ ಅವ್ವ ಸಂಜೆಯವರೆಗೆ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಬೀಗರು, ನೆರೆಯವರು ಬುತ್ತಿ ತಂದರು. ಚಿಗವ್ವನೂ ರೊಟ್ಟಿ, ಝುಣಕ ಕಟ್ಟಿಕೊಂಡು ಬಂದಳು. ಎಲ್ಲರ ಗಂಟೂ ಬಿಚ್ಚಿದರು, ಅವಳದನ್ನು ಯಾರೂ ಮುಟ್ಟಲಿಲ್ಲ. ಸೋದರತ್ತೆಯಂತೂ ಅದನ್ನು ಕಾಲಿನಿಂದ ಬಾಗಿಲ ಕಡೆ ಸರಿಸಿದಳು. ನನಗೆ ತಡೆಯಲಾಗಲಿಲ್ಲ. ಗಂಟು ಬಿಚ್ಚಿ, ಅಷ್ಟೂ ಮಂದಿಯ ಎದುರಿಗೆ ಕೂತು ರೊಟ್ಟಿ ಮುರಿದು ತಿಂದೆ.

"ಯಾರೂ ಏನೂ ಹಾಕಿಲ್ಲ. ಅವ್ವನ ಹೊಟ್ಟಿ ಸುಟ್ಟದ್ದು ಗುಳಿಗಿ. ಡಾಕ್ಟರ ಹೇಳ್ಯಾರ, ಅಪ್ಪನೂ ಕೇಳ್ಯಾನ," ಎಂದು ಚೀರಿದೆ.

ಅಪ್ಪ ತಲೆಯೆತ್ತಿದ. "ಅಂದ್ರ ನಾನ ಕೊಂದೆ ಅಂತೀಯೇನ ಮಗಳ?"

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಚಿಗವ್ವ ಬಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಸುಮ್ಕಿರ ತಂಗಿ. ನಾನ ಹಾಕೇನಿ ಅಂತ ಇರ್ಲಿ ಬಿಡ. ಭಾವಾರು ಇನ್ನ ಬದುಕಬೇಕಲ್ಲ."

ಅವಳು ಸೆರಗು ಹೊದ್ದು ಎದ್ದು ಹೋದಳು. ಅಪ್ಪ ಅಲ್ಲ ಅನ್ನಲಿಲ್ಲ.